ಉಗ್ಗಪ್ಪ ಎಂಜಿನಿಯರನ್ನು ಬಸ್ಸಿನಿಂದ ಇಳಿಸಿದ್ದು

ಬದಿಯಡ್ಕದಿಂದ ನೆಕ್ರಾಜೆಯಾಗಿ ಕಾಸರಗೋಡಿಗೆ ಹೋಗುವ ಖಾಸಗಿ ಬಸ್ಸನ್ನು ಉಗ್ಗಪ್ಪ ಹತ್ತೊಂಬತ್ತು ವರ್ಷ ಓಡಿಸಿದ್ದ. ಕಾಸರಗೋಡಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ದಿನಾ ಅದೇ ಬಸ್ಸಿಗೆ. ಅಷ್ಟು ವರ್ಷದಲ್ಲಿ ಅವನ ಬಾಯಿಂದ ಒಂದು ಒರಟು ಮಾತು ಕೇಳಿದವಳಲ್ಲ.

೨೦೧೩ರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಬಸ್ಸು ನಿಲ್ಲಲು ಬೇರೆ ಜಾಗ, ಪ್ರತಿ ನಿಲ್ದಾಣಕ್ಕೆ ಹೊಸ ತಂಗುದಾಣ, ಒಂದೂವರೆ ವರ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂದು ದೊಡ್ಡ ಬೋರ್ಡು ಹಾಕಿದರು. ನೆಕ್ರಾಜೆ ದಾಟಿದ ಮೇಲೆ ಒಂದು ತೋಡು, ಮಳೆಗೆ ತುಂಬಿ ಹರಿಯುವ ಸಣ್ಣ ಹಳ್ಳ. ಬಸ್ಸು ಅದನ್ನು ದಾಟುತ್ತಿದ್ದ ಹಳೆಯ ಮೋರಿಯನ್ನು ಮೊದಲ ತಿಂಗಳೇ ಒಡೆದು ಹಾಕಿದರು. ಅಷ್ಟೇ. ಜೆಸಿಬಿ ಎಲ್ಲಿಗೋ ಹೋಯಿತು.

ಮೂರು ಮಳೆಗಾಲ ಹಾಗೆಯೇ ಕಳೆಯಿತು. ಪಕ್ಕದಲ್ಲಿ ಮಣ್ಣು ತುಂಬಿಸಿ ಮಾಡಿದ ತಾತ್ಕಾಲಿಕ ದಾರಿಯಲ್ಲಿ ಖಾಲಿ ಬಸ್ಸು ಮಾತ್ರ ಹೇಗೋ ಇಳಿದು ಹತ್ತುತ್ತಿತ್ತು. ನಾವೆಲ್ಲ ಇಳಿದು, ಅಡಕೆ ಮರ ಅಡ್ಡ ಹಾಕಿದ ಸಂಕ ದಾಟಿ, ಆಚೆ ಮತ್ತೆ ಹತ್ತಬೇಕು. ದಿನಾ ಇಪ್ಪತ್ತು ನಿಮಿಷ ತಡ. ಹಿಂದಿನ ಬಸ್ಸಿನವರಿಂದ ಬೈಗುಳ, ಪ್ರಯಾಣಿಕರಿಂದ ಬೈಗುಳ. "ಎಂತ ಮಾರಾಯ, ನಿನಗೆ ಬೇಗ ಹೊರಡ್ಲಿಕ್ಕೆ ಆಗುದಿಲ್ವಾ?" ಎಂದರೆ, "ತಪ್ಪಾಯ್ತು" ಎನ್ನುತ್ತಿದ್ದ. ತಾನು ಅಗೆಯದ ಹೊಂಡಕ್ಕೆ!

೨೦೧೬ರ ಜುಲೈಯಲ್ಲಿ ಅಮ್ಮಣಿಯಕ್ಕ ಆ ಸಂಕದಲ್ಲಿ ಜಾರಿ ಬಿದ್ದರು. ಕಿಡ್ನಿ ತೊಂದರೆ ಇದ್ದ ಅವರು ವಾರಕ್ಕೆ ಮೂರು ಸಲ ಡಯಾಲಿಸಿಸಿಗೆ ನಮ್ಮ ಬಸ್ಸಿನಲ್ಲೇ ಬರುತ್ತಿದ್ದರು. ಎಡಗೈ ಮುರಿಯಿತು. ಉಗ್ಗಪ್ಪ ಸೀಟಿನಿಂದ ಹಾರಿ, ಕೆಸರಿಗೆ ಇಳಿದು, ಅವರನ್ನು ಎತ್ತಿಕೊಂಡು ಬಂದ. ಬಸ್ಸನ್ನು ನೇರ ಆಸ್ಪತ್ರೆಗೇ ಓಡಿಸಿದ.

ಮೋರಿಯ ಕೆಲಸ ಎಲ್ಲಿಗೆ ಬಂತೆಂದು ಕೇಳಿ ಮರುದಿನವೇ ರಸ್ತೆ ಇಲಾಖೆಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ. ಕನ್ನಡದಲ್ಲಿ ಬರೆದುಕೊಟ್ಟದ್ದು ನಾನು. ಕಚೇರಿಯ ಗುಮಾಸ್ತ ಅದನ್ನು ತಳ್ಳಿ, ಮಲಯಾಳದಲ್ಲಿ ತನ್ನಿ ಎಂದ. ಉಗ್ಗಪ್ಪ ಕದಲಲಿಲ್ಲ. "ಇದು ಕಾಸರಗೋಡು. ಕನ್ನಡದಲ್ಲಿ ಕೇಳುವ ಹಕ್ಕು ನಮಗೆ ಉಂಟು. ಸೀಲು ಹೊಡಿರಿ."

ಉತ್ತರ ಸೆಪ್ಟೆಂಬರಿನಲ್ಲಿ ಬಂತು. ನಾನು ಎರಡೆರಡು ಸಲ ಓದಿದೆ. ತೋಡಿನ ಮೋರಿಯ ಕೆಲಸ ಹಿಂದಿನ ವರ್ಷದ ಮಾರ್ಚಿನಲ್ಲೇ ಪೂರ್ತಿಯಾಗಿದೆಯಂತೆ!

ಅಕ್ಟೋಬರಿನಲ್ಲಿ ಬದಿಯಡ್ಕದಲ್ಲಿ ಕಾಮಗಾರಿಯ ಪ್ರಗತಿ ಪರಿಶೀಲನೆಯ ಸಭೆ. ರಜೆ ಹಾಕಿ ನಾನೂ ಹೋಗಿದ್ದೆ. ರಸ್ತೆ ಕೆಲಸದ ಎಂಜಿನಿಯರು ಎದ್ದು ನಿಂತು, ಶೇಕಡಾ ಎಂಬತ್ತು ಮುಗಿದಿದೆ ಎಂದು ಓದಿದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಉಗ್ಗಪ್ಪ ಖಾಕಿ ಅಂಗಿಯಲ್ಲೇ ಎದ್ದು ನಿಂತ.

"ಸಾರ್, ಮೋರಿ ಎಲ್ಲಿ ಉಂಟು?"

"ಫೈಲಿನ ಪ್ರಕಾರ ಅದು ಮುಗಿದಿದೆಯಲ್ಲ."

"ಒಳ್ಳೇದಾಯ್ತು. ನನ್ನ ಬಸ್ಸು ಈಗ ಹೊರಡ್ತದೆ. ನೀವೂ ಬನ್ನಿ. ಮುಗಿದ ಮೋರಿಯ ಮೇಲೆ ಹೋಗುವ."

ಎಂಜಿನಿಯರು ಗಡಿಯಾರ ನೋಡಿದರು, ಬೇರೆ ಕೆಲಸವಿದೆ ಎಂದರು. ಆದರೆ ಅಷ್ಟರಲ್ಲಿ ಸಭೆಯೇ ಎದ್ದಿತ್ತು. "ಹೋಗಿ ಸಾರ್, ಹೋಗಿ" ಎಂದು ಎಲ್ಲರೂ ಒತ್ತಾಯಿಸಿದ ಮೇಲೆ ಬಾರದೆ ಉಪಾಯವಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತರು.

ನೆಕ್ರಾಜೆಯಲ್ಲಿ ಅಮ್ಮಣಿಯಕ್ಕ ಹತ್ತಿದರು. ಅವತ್ತು ಅವರ ಡಯಾಲಿಸಿಸಿನ ದಿನ. ತೋಡಿನ ಹತ್ತಿರ ಉಗ್ಗಪ್ಪ ಬ್ರೇಕು ಹಾಕಿ ತಿರುಗಿದ.

"ಇಳಿಯಿರಿ ಸಾರ್. ನಾವು ದಿನಾ ಇಳಿಯುವ ಹಾಗೆ."

ಜಿಟಿಜಿಟಿ ಮಳೆ. ಸಂಕದ ಮೇಲೆ ಒಂದು ಹೆಜ್ಜೆ ಇಟ್ಟ ಎಂಜಿನಿಯರು ಕೆಳಗಿನ ಕೆಂಪು ನೀರು ನೋಡಿ ನಿಂತುಬಿಟ್ಟರು. ಹಿಂದೆ ಇದ್ದ ಅಮ್ಮಣಿಯಕ್ಕ, ಇನ್ನೂ ನೆಟ್ಟಗಾಗದ ಎಡಗೈಯನ್ನು ಎದೆಗೊತ್ತಿಕೊಂಡು, ಬಲಗೈ ಚಾಚಿದರು.

"ನನ್ನ ಕೈ ಹಿಡ್ಕೊಳ್ಳಿ ಮಗಾ. ಬೀಳ್ತೀರಿ."

ಎಂಜಿನಿಯರು ಹಿಡಿದುಕೊಂಡರು. ಯಾರೂ ನಗಲಿಲ್ಲ. ನನಗಂತೂ ಅಳು ಬಂತು, ಸಿಟ್ಟಿನ ಅಳು.

ಹತ್ತೇ ದಿನದಲ್ಲಿ ಜೆಸಿಬಿ ಬಂತು. ಫೆಬ್ರವರಿಯಲ್ಲಿ ಹೊಸ ಮೋರಿಯ ಮೇಲೆ ಬಸ್ಸು ಓಡಿತು. ಮೂರು ವರ್ಷ ಆಗದ್ದು ನಾಲ್ಕು ತಿಂಗಳಲ್ಲಿ ಆಗುವುದಾದರೆ, ಮೊದಲೇ ಯಾಕೆ ಆಗಲಿಲ್ಲ? ಮುಗಿಯದ್ದನ್ನು ಮುಗಿಯಿತೆಂದು ಬರೆದ ಕೈಗೆ ಯಾವ ಶಿಕ್ಷೆಯೂ ಆಗಲಿಲ್ಲ.

ಶಿಕ್ಷೆ ಆದದ್ದು ಉಗ್ಗಪ್ಪನಿಗೆ. ಸರಕಾರಿ ಅಧಿಕಾರಿಯನ್ನು ಅವಮಾನಿಸಿದ ಎಂದು ಯಾರೋ ದೂರು ಕೊಟ್ಟರು. ಬಸ್ಸಿನ ಮಾಲಕ ಪ್ರೇಮನಾಥ ಹೆದರಿದ. "ಪರ್ಮಿಟಿಗೆ ತೊಂದರೆ ಆಗ್ತದೆ ಉಗ್ಗಪ್ಪಣ್ಣ, ಸ್ವಲ್ಪ ದಿನ ಮನೆಯಲ್ಲಿರಿ" ಎಂದ. ಉಗ್ಗಪ್ಪ ಕೀಲಿಕೈ ಮೇಜಿನ ಮೇಲಿಟ್ಟು ಬಂದ.

ಹೊಸ ಡ್ರೈವರಿನ ಬಸ್ಸಿಗೆ ಮರುದಿನದಿಂದ ನೆಕ್ರಾಜೆಯಲ್ಲಿ ಜನ ಹತ್ತಲಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. ಅಮ್ಮಣಿಯಕ್ಕ ಜೀಪಿನಲ್ಲಿ ಹೋದರು, ನಾನು ಹಿಂದಿನ ಬಸ್ಸಿನಲ್ಲಿ. ಹನ್ನೊಂದನೆಯ ದಿನ ಪ್ರೇಮನಾಥನೇ ಉಗ್ಗಪ್ಪನ ಮನೆಗೆ ಹೋಗಿ ಕರೆದ.

"ಬರ್ತೇನೆ. ಆದರೆ ನಾನು ಕೇಳಿದ್ದು ತಪ್ಪು ಅಂತ ಎಲ್ಲಿಯೂ ಬರೆದು ಕೊಡುದಿಲ್ಲ" ಎಂದನಂತೆ ಉಗ್ಗಪ್ಪ.

ಬರೆದು ಕೊಡಲಿಲ್ಲ. ಮರಳಿ ಬಂದ ವಾರದಲ್ಲೇ, ಕಾಗದದಲ್ಲಿ ಮಾತ್ರ ಇರುವ ಆರು ತಂಗುದಾಣಗಳ ಬಗ್ಗೆ ಇನ್ನೊಂದು ಅರ್ಜಿ ಬರೆಸಲು ನನ್ನ ಹತ್ತಿರ ಬಂದ. ಆ ಸಲ ಸೀಲು ಹೊಡೆಯಲು ಗುಮಾಸ್ತ ತಕರಾರು ಮಾಡಲಿಲ್ಲ.