ಮೂರಿಂಚು ನೀರಿಗೆ ಸಿಮೆಂಟು

ಆದಿನಾರಾಯಣಪ್ಪನಿಗೆ ಸಿಟ್ಟು ಬರುವುದು ಅಪರೂಪ. ಚನ್ನರಾಯಪಟ್ಟಣ ಹೋಬಳಿಯಲ್ಲಿ ನಲವತ್ತು ವರ್ಷದಿಂದ ಬೋರ್‌ವೆಲ್‌ಗೆ ಪಾಯಿಂಟ್ ನೋಡುವ ಮನುಷ್ಯ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುತ್ತಾನೆ, ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾನೆ. ನಂಬುವವರು ನಂಬುತ್ತಾರೆ, ನಗುವವರು ನಕ್ಕು, ಆಮೇಲೆ ಅವನನ್ನೇ ಕರೆಸುತ್ತಾರೆ. ಬೋರು ಫೇಲಾದ ದಿನ ಮನೆಯವರ ಬೈಗುಳವನ್ನೂ ತಲೆತಗ್ಗಿಸಿ ಕೇಳಿಸಿಕೊಂಡಿದ್ದಾನೆ. ಅಂಥವನು ಕೆಂಡವಾಗಿದ್ದು ನೀರು ಬೀಳದೆ ಅಲ್ಲ, ನೀರು ಬಿದ್ದು.

ಊರಾಚೆಯ ಲೇಔಟಿನಲ್ಲಿ ರವಿಶಂಕರ್ ಎಂಬವರು ಮನೆ ಕಟ್ಟಿಸುತ್ತಿದ್ದರು. ಅಲ್ಲಿ ಕಾವಲಿಗಿದ್ದ ದೇವರಾಜ್ ಆದಿನಾರಾಯಣಪ್ಪನ ಅಕ್ಕನ ಮಗ. "ನಾಲ್ಕು ಬೋರ್ ಕೊರೆಸ್ತಾರಂತೆ, ಬಾ ಮಾವ" ಎಂದು ಕರೆದ. ಯಾತಕ್ಕೆ ಎಂದು ಇವನು ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಬೋರು ಎಂದರೆ ನೀರಿಗಲ್ಲದೆ ಇನ್ಯಾತಕ್ಕೆ?

ಶ್ರೀಧರ್ ಎಂಬ ಎಂಜಿನಿಯರ್ ಹಿತ್ತಲಲ್ಲಿ ಸುಣ್ಣದಿಂದ ನಾಲ್ಕು ಗುರುತು ಹಾಕಿಸಿದ್ದ. ಆದಿನಾರಾಯಣಪ್ಪ ಕಾಯಿ ಹಿಡಿದು ಸುತ್ತಿದ. ಮೂರನೆಯ ಗುರುತನ್ನು ಹತ್ತು ಹೆಜ್ಜೆ ಆಚೆ ಸರಿಸಬೇಕೆಂದ.

"ಒಂದಕ್ಕೊಂದು ಇಪ್ಪತ್ತಡಿ ದೂರ ಇದ್ರೆ ಸಾಕು, ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ" ಎಂದ ಎಂಜಿನಿಯರ್, ಫೋನಿನಿಂದ ತಲೆ ಎತ್ತದೆ.

ರಿಗ್ ಲಾರಿ ಬಂತು. ಮೊದಲೆರಡು ಗುಂಡಿ ಮುನ್ನೂರಡಿ ಇಳಿದರೂ ಬರೀ ಕಲ್ಲಿನ ದೂಳು. ಯಾರೂ ಬೇಸರ ಮಾಡಿಕೊಳ್ಳದಿದ್ದುದು ಅವನಿಗೆ ವಿಚಿತ್ರವೆನಿಸಿತು. ಮೂರನೆಯದು ನೂರೆಂಬತ್ತಡಿ ಮುಟ್ಟುವಷ್ಟರಲ್ಲಿ ದೂಳು ಕೆಸರಾಯಿತು, ಕೆಸರು ನೀರಾಯಿತು, ನೀರು ಲಾರಿಯ ನೆತ್ತಿಗೆ ಚಿಮ್ಮಿತು. ಮೂರಿಂಚು ನೀರು! ರಿಗ್ಗಿನ ಹುಡುಗರು ಕೇಕೆ ಹಾಕಿದರು. ವಾರಕ್ಕೊಂದು ಟ್ಯಾಂಕರ್ ಕಾಯುವ ಪಕ್ಕದ ಊರಿನ ಹೆಂಗಸರು ಕೊಡ ಹಿಡಿದು ಓಡಿ ಬಂದರು, ಒಬ್ಬಾಕೆ ಅರಿಶಿನ ಕುಂಕುಮವನ್ನೂ ತಂದಳು. ಆದಿನಾರಾಯಣಪ್ಪ ಗಂಗಮ್ಮನಿಗೆ ಕಾಯಿ ಒಡೆದ.

"ಇದನ್ನೂ ಮುನ್ನೂರಕ್ಕೆ ಇಳಿಸಿ, ಪೈಪ್ ಹಾಕಿ, ಗುಂಡಿ ತುಂಬಿಸ್ಬಿಡಿ" ಎಂದ ಶ್ರೀಧರ್.

"ಏನು ತುಂಬ್ಸೋದು ಸಾರ್?" ಎಂದ ಆದಿನಾರಾಯಣಪ್ಪ.

"ಸಿಮೆಂಟು, ಜೇಡಿಮಣ್ಣು ಕಲಸಿದ ಗಾರೆ."

ಆಗ ಹೊರಬಿತ್ತು ಸಂಗತಿ. ಗುಂಡಿಯೊಳಗೆ ಪೈಪು ಇಳಿದು, ತಿರುಗಿ ಮೇಲೆ ಬರುತ್ತದಂತೆ. ಅದರಲ್ಲಿ ಸುತ್ತುವ ನೀರು ಮನೆಯ ಸೆಕೆಯನ್ನು ಹೊತ್ತೊಯ್ದು ನೆಲದೊಳಗೆ ಬಿಟ್ಟು ಬರುತ್ತದಂತೆ. ಕೊರೆಸಲು, ಪೈಪಿಗೆ, ಯಂತ್ರಕ್ಕೆ, ತ್ರೀ ಫೇಸ್ ಲೈನಿಗೆ ಎಲ್ಲ ಸೇರಿ ಹದಿನೆಂಟು ಲಕ್ಷ. ಕರೆಂಟು ಬಿಲ್ಲಿನ ಉಳಿತಾಯದಲ್ಲಿ ಹದಿನೈದು ವರ್ಷಕ್ಕೆ ಅಸಲು ಬರುತ್ತದಂತೆ. ನಾಲ್ಕು ಕೋಣೆಗೆ ಮಾಮೂಲಿ ಎಸಿ ಹಾಕಿಸಿದ್ದರೆ ಮೂರು ಲಕ್ಷದಲ್ಲಿ ಮುಗಿಯುತ್ತಿತ್ತು. ಸಂಜೆಯಾದರೆ ನಂದಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುವ ಜಾಗ ಅದು. ತೆಗೆಯಲು ಬಾರದ ಗಾಜಿನ ಕಿಟಕಿ ಇಡಿಸಿ, ತಂಪಿಗೆ ಪಾತಾಳಕ್ಕೆ ಕೈ ಹಾಕಿದವರಿಗೆ ಏನು ಹೇಳುವುದು?

ಆದಿನಾರಾಯಣಪ್ಪ ಅಲ್ಲೇ ನಿಂತಿದ್ದ ರವಿಶಂಕರ್‌ಗೆ ಹೇಳಿದ. "ಸ್ವಾಮಿ, ನಿಮ್ ದುಡ್ಡು, ನಿಮ್ ಮನೆ. ನಾನ್ಯಾರು ಕೇಳಕ್ಕೆ? ಆದ್ರೆ ಗಂಗಮ್ಮನ ಬಾಯಿಗೆ ಸಿಮೆಂಟ್ ಹಾಕ್ತೀರಲ್ಲ, ಹೊಟ್ಟೆಗೆ ಏನ್ ತಿಂತೀರಿ? ಇದೊಂದ್ ಬಿಟ್ಬಿಡಿ. ಊರಿಗಾಗುತ್ತೆ, ನಿಮ್ಗೂ ಆಗುತ್ತೆ."

ರವಿಶಂಕರ್ ಕೆಟ್ಟವರಲ್ಲ. ಒಂದು ಗಳಿಗೆ ಎಂಜಿನಿಯರ್ ಮುಖ ನೋಡಿದರು.

"ಮೂರೇ ಗುಂಡಿ ಆದ್ರೆ ಯಂತ್ರಕ್ಕೆ ಸಾಲಲ್ಲ ಸಾರ್. ಇದನ್ನ ಬಿಟ್ರೆ ಇನ್ನೊಂದು ಕೊರೀಬೇಕು, ಒಂದೂವರೆ ಲಕ್ಷ ಜಾಸ್ತಿ ಆಗುತ್ತೆ. ಅಲ್ದೆ ಸುತ್ತ ನೀರಿದ್ರೆ ಪೈಪ್ ಇನ್ನೂ ಬೇಗ ತಣ್ಣಗಾಗುತ್ತೆ. ಇದೇ ನಮ್ಗೆ ಬೆಸ್ಟ್ ಗುಂಡಿ" ಎಂದ ಶ್ರೀಧರ್.

"ಲೇಔಟ್‌ನವರು ನೀರು ಕೊಡ್ತಾರಲ್ಲ ಯಜಮಾನ್ರೇ" ಎಂದರು ರವಿಶಂಕರ್, ಸಮಾಧಾನ ಹೇಳುವವರಂತೆ.

ಹದಿನೆಂಟು ಲಕ್ಷ ಸುರಿಯಲು ಬಂದವರಿಗೆ ಒಂದೂವರೆ ಲಕ್ಷ ಭಾರವಾಗಿತ್ತು! ಪೈಪು ಇಳಿಯಿತು. ಗಾರೆ ಕೆಳಗಿನಿಂದ ತುಂಬುತ್ತಾ ಬಂದ ಹಾಗೆ ನೀರು ಬದಿಯಿಂದ ಉಕ್ಕಿ, ಬೂದಿ ಬಣ್ಣಕ್ಕೆ ತಿರುಗಿ, ನಿಂತುಹೋಯಿತು. ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದರು. ಆದಿನಾರಾಯಣಪ್ಪ ಅಲ್ಲಿ ನೀರೂ ಕುಡಿಯದೆ ಮನೆಗೆ ಬಂದ, ಎರಡು ದಿನ ಹೆಂಡತಿಯ ಮೇಲೆ ವಿನಾಕಾರಣ ರೇಗಿದ. ನಾಲ್ಕನೆಯ ಗುಂಡಿಯಲ್ಲೂ ದೂಳೇ ಬಂತೆಂದು ಆಮೇಲೆ ದೇವರಾಜ್ ಹೇಳಿದ.

ಏಪ್ರಿಲ್‌ ಹೊತ್ತಿಗೆ ರವಿಶಂಕರ್ ಹೊಸ ಮನೆಗೆ ಬಂದಿದ್ದರು. ಆಗಲೇ ಲೇಔಟಿನ ಬೋರು ಸೊರಗಿ, ನೀರು ನಾಲ್ಕು ದಿನಕ್ಕೊಮ್ಮೆಯಾಯಿತು. ರವಿಶಂಕರ್ ಕಾರು ಕಳಿಸಿದರು. ಮನೆಗೊಂದು ಬೋರು ಕೊರೆಸಬೇಕು, ಪಾಯಿಂಟ್ ನೋಡಿಕೊಡಬೇಕು!

ಆದಿನಾರಾಯಣಪ್ಪ ಕಾಯಿ ಹಿಡಿಯದೆ ಬರಿಗೈಯಲ್ಲಿ ಹೋದ. ಮನೆಯೊಳಗೆ ಕಾಲಿಡಲಿಲ್ಲ. ನೇರ ಹಿತ್ತಲಿಗೆ ನಡೆದು, ಒಣಗಿದ ಹುಲ್ಲಿನ ಮೇಲೆ ಒಂದು ಕಡೆ ನಿಂತ.

"ಇಲ್ಲಿ."

"ಅಲ್ಲಿ ಪೈಪ್ ಹಾಕಿದೀವಲ್ಲ ಯಜಮಾನ್ರೇ" ಎಂದರು ರವಿಶಂಕರ್. "ಬೇರೆ ಕಡೆ ನೋಡಿ."

"ಬೇರೆ ಕಡೆ ನಾನ್ಯಾಕೆ ನೋಡ್ಲಿ? ಮೂರು ಕಡೆ ನೀವೇ ಕೊರೆಸಿ ನೋಡಿದ್ದೀರಿ, ದೂಳು ಕುಡಿದಿದ್ದೀರಿ. ನಿಮ್ ಜಾಗದಲ್ಲಿ ನೀರಿದ್ದಿದ್ದು ಇದೊಂದೇ ಕಡೆ ಸ್ವಾಮಿ. ಬಾಯಾರಿಕೆ ಆದ್ರೆ ಒಳಗೋಗಿ ಕೂತ್ಕೊಳ್ಳಿ, ತಣ್ಣಗಿರುತ್ತೆ."