ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮ ಕಡೆಯ ಮದುವೆಗಳಲ್ಲಿ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಇತ್ತು. ತಾಟಿನ ತುಂಬ ಅಕ್ಕಿ ಹರವುತ್ತಾರೆ, ಹುಡುಗ ತನ್ನ ಉಂಗುರ ತೆಗೆದು ಅದರ ಅಂಚಿನಿಂದ ಅಕ್ಕಿಯ ಮೇಲೆ ಅವಳ ಹೊಸ ಹೆಸರು ಬರೆಯುತ್ತಾನೆ. ಸುತ್ತ ನಿಂತ ಹೆಂಗಸರು ಬಗ್ಗಿ ಓದಿ ಭೇಷ್ ಅನ್ನುತ್ತಾರೆ. ಆಮೇಲೆ ಯಾರೋ ತಾಟನ್ನು ಒಳಗೆ ಒಯ್ದು ಅಕ್ಕಿಯನ್ನು ಡಬ್ಬಿಗೆ ಸುರಿಯುತ್ತಾರೆ. ಹುಟ್ಟಿದಾಗಿನಿಂದ ಓಗೊಟ್ಟ ಹೆಸರು ಅಷ್ಟರಲ್ಲಿ ಮುಗಿದಿರುತ್ತದೆ. ಇಂಥ ಎಷ್ಟೋ ಮದುವೆಗಳಿಗೆ ಹೋಗಿ, ಬುಂದಿ ಲಾಡು ತಿಂದು, ನಾನೂ ನಗುತ್ತ ಮನೆಗೆ ಬಂದಿದ್ದೇನೆ.

ಎಪ್ಪತ್ತರ ದಶಕದ ಕೊನೆಗೆ ಹಾನಗಲ್ಲಿನ ಕಾಲೇಜಿನಲ್ಲಿ ನಾವು ಮೂವರು ಗೆಳತಿಯರು. ನಾನು ಊರವಳೇ, ಹೈಸ್ಕೂಲು ಮಾಸ್ತರರ ಮಗಳು. ನಮ್ಮದು ಮುಂಜಾನೆ ದೇವರ ಮನೆಯಲ್ಲಿ ಸಂಸ್ಕೃತ, ಸಂಜೆ ಪಡಸಾಲೆಯಲ್ಲಿ ಗಣಿತ ನಡೆಯುತ್ತಿದ್ದ ವೈಷ್ಣವರ ಮನೆ. ಇನ್ನೊಬ್ಬಳು ಸವಣೂರಿನವಳು. ಮತ್ತೊಬ್ಬಳು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯ ಒಕ್ಕಲು ಮನೆತನದವಳು. ಅವರಿಬ್ಬರೂ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಿದ್ದರು. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಸವಣೂರಿನವಳ ಹೆಸರನ್ನಂತೂ ಖಂಡಿತ ಬರೆಯುವುದಿಲ್ಲ. ಅದು ಈಗ ಅವಳದಲ್ಲ.

ಆ ಸವಣೂರಿನವಳಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿರಲಿಲ್ಲ. ದಿನಾ ಮುಂಜಾನೆ ಓಣಿಯ ತುದಿಯಿಂದಲೇ ನನ್ನ ಹೆಸರನ್ನು ಎಳೆದೆಳೆದು ಕೂಗುತ್ತ ಬರುತ್ತಿದ್ದಳು. ಜಪಕ್ಕೆ ಕೂತ ನನ್ನ ಅಜ್ಜಿ ಕಣ್ಣು ತೆರೆದು, “ಬಂತ ನೋಡು ನಿನ್ನ ವಾರಂಟ” ಎನ್ನುತ್ತಿದ್ದಳು. ಊರಿಗೆ ಹೋಗಿ ಬಂದಾಗಲೆಲ್ಲ ಕಾಗದದ ಪೊಟ್ಟಣದಲ್ಲಿ ಸವಣೂರು ಖಾರಾ ತರುತ್ತಿದ್ದಳು. ಅರ್ಧ ಬಸ್ಸಿನಲ್ಲೇ ಖಾಲಿಯಾಗಿರುತ್ತಿತ್ತು. ಉಳಿದರ್ಧಕ್ಕೆ ನಾವು ಕಿತ್ತಾಡುತ್ತಿದ್ದೆವು.

ಒಂದು ರಜೆಯಲ್ಲಿ ನಮ್ಮಿಬ್ಬರನ್ನೂ ತನ್ನೂರಿಗೆ ಕರೆದೊಯ್ದಳು. ಅವಳ ಅಪ್ಪನ ಎಲೆತೋಟ ನೋಡಿದ ಮೇಲೆ, ಪುಸ್ತಕದಲ್ಲಿ ಬಾವೊಬಾಬ್ ಎನ್ನುವ ದೊಡ್ಡಹುಣಸೆ ಮರ ತೋರಿಸಿದಳು. ಕಂಡವರಿಗೆಲ್ಲ ಗೊತ್ತು, ಹತ್ತು ಮಂದಿ ಕೈ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ ಅದರದು. ಆ ಬೊಡ್ಡೆಗೆ ಬೆನ್ನು ಕೊಟ್ಟು ಕೂತಾಗ ಅಕ್ಕಿಯ ತಾಟಿನ ಮಾತು ಬಂತು. ಹಿಂದಿನ ವಾರವಷ್ಟೇ ಅವಳ ಅಕ್ಕನ ಮದುವೆಯಾಗಿ, ಅಕ್ಕನಿಗೆ ಎಂಥದೋ ದೇವಿಯ ಹೆಸರು ಬಿದ್ದಿತ್ತು.

“ನಮ್ಮೊಳಗ ಇದೆಲ್ಲ ಇಲ್ಲವಾ. ನಿಮ್ಮ ದೊಡ್ಡ ಮಂದ್ಯಾಗ ಅಷ್ಟ ಈ ಹೆಸರ ಅಳಸೂ ಆಟ” ಎಂದಳು ಬೆಂಡಿಗೇರಿಯವಳು.

“ನನ್ನ ಮುಂದ ತಾಟ ಇಟ್ಟು ನೋಡ್ಲಿ. ಒದ್ದು ಎದ್ದು ಬರ್ತೇನಿ” ಎಂದಳು ಸವಣೂರಿನವಳು. ಹಾಗೆಂದು ಮರದ ಮೇಲೆ ಕೈಯಿಟ್ಟು ಆಣೆ ಮಾಡಿದಳು, ನಮ್ಮ ಕೈಗಳನ್ನೂ ಎಳೆದು ಇಡಿಸಿದಳು. ನಾನು ಅದನ್ನು ಪೂರಾ ನಂಬಿದೆ. ಅವಳು ಹೇಳಿದ್ದನ್ನೆಲ್ಲ ನಂಬುತ್ತಿದ್ದೆ.

ಡಿಗ್ರಿ ಮುಗಿಯುವ ಹೊತ್ತಿಗೆ, ಹೊರದೇಶದ ಶಾಲೆಗಳಿಗೆ ಗಣಿತ ಕಲಿಸುವ ಸ್ವಯಂಸೇವಕರು ಬೇಕೆಂದು ಕಾಲೇಜಿನ ಬೋರ್ಡಿನ ಮೇಲೆ ಚೀಟಿ ಬಿತ್ತು. ನನ್ನಿಂದ ಅರ್ಜಿ ಹಾಕಿಸಿದವಳೂ ಅವಳೇ. ನನ್ನ ಅವ್ವ ಅತ್ತಳು, ಸಮುದ್ರ ದಾಟಿದವಳಿಗೆ ವರ ಎಲ್ಲಿಂದ ಬರಬೇಕು ಎಂದಳು. ಅಪ್ಪ ಅರ್ಜಿಗೆ ರುಜು ಹಾಕಿದರು. “ಹೋಗಲೇ, ನಮ್ಮ ಪಾಲಿಂದೂ ನೋಡಿ ಬಾ. ನಾವೇನ ಇಲ್ಲೇ ಇರ್ತೇವಿ, ಓಡಿ ಹೋಗ್ತೇವೇನು?” ಎಂದು ಸವಣೂರಿನವಳು ನನ್ನನ್ನು ಬಸ್ಸು ಹತ್ತಿಸಿದಳು.

ಹೀಗೆ ಎರಡು ವರ್ಷಕ್ಕೆಂದು ತಾಂಜಾನಿಯಾದ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಹೋದೆ. ಸೇವೆ ಅಂದರೆ ಏನೆಂದು ಈಗಲೂ ಸಭೆಗಳಲ್ಲಿ ನನ್ನನ್ನು ಕೇಳುತ್ತಾರೆ. ಸೀಮೆಸುಣ್ಣ ಮುಗಿದಾಗ ಇದ್ದಿಲಿನಿಂದ ಗೋಡೆಯ ಮೇಲೆ ಬೀಜಗಣಿತ ಬರೆಯುವುದು, ಮಲೇರಿಯಾದಲ್ಲಿ ನಡುಗುತ್ತ ಒಬ್ಬಳೇ ಮಲಗುವುದು, ಜೀಪಿನಲ್ಲಿ ಬಂದ ಸಾಹೇಬರ ಪಕ್ಕ ನಗುತ್ತ ಫೋಟೊಕ್ಕೆ ನಿಲ್ಲುವುದು. ಇಷ್ಟೇ. ಮಕ್ಕಳು ಜಾಣೆಯರಿದ್ದರು, ನಾನಿಲ್ಲದಿದ್ದರೂ ಕಲಿಯುತ್ತಿದ್ದರು. ಈ ಮಾತನ್ನು ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ.

ಊಟಕ್ಕೆ ಒಗ್ಗಿಕೊಂಡೆ, ಬಿಸಿಲಂತೂ ನಮ್ಮದೇ. ಒಗ್ಗದ್ದು ಒಂದೇ, ನನ್ನ ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಶಾಲೆಯಲ್ಲಿ ನಾನು ‘ಮ್ವಾಲಿಮು’, ಎಂದರೆ ಟೀಚರು. ಪೇಟೆಯಲ್ಲಿ ‘ಮ್ಹಿಂದಿ’, ಎಂದರೆ ಇಂಡಿಯಾದವಳು. ಮಕ್ಕಳಾದ ಹೆಂಗಸರನ್ನು ಆ ಊರಲ್ಲಿ ಮಗುವಿನ ಹೆಸರು ಹಿಡಿದು ಇಂಥವರ ಅವ್ವ ಎಂದು ಕರೆಯುತ್ತಿದ್ದರು. ಶಾಲೆಯ ಅಡುಗೆಯಾಕೆ ನನ್ನ ಮೇಲಿನ ಕನಿಕರದಿಂದ, ನಿನಗೊಂದು ಮಗುವಾಗಲಿ, ನಿನಗೂ ಹೆಸರು ಬರುತ್ತದೆ ಎಂದು ಸಮಾಧಾನ ಹೇಳಿದಳು. ಓಣಿಯ ತುದಿಯಿಂದ ಬರುತ್ತಿದ್ದ ಆ ಗಂಟಲಿಗಾಗಿ ನನ್ನ ಕಿವಿ ಹಸಿದಿತ್ತು.

ಹೋದ ಹೊಸದರಲ್ಲೇ ಶಾಲೆಯ ಹಿಂದಿನ ಬಯಲಿಗೆ ಹೋದಾಗ ನಿಂತಲ್ಲೇ ನಿಂತುಬಿಟ್ಟೆ. ಎದುರಿಗೆ ಸವಣೂರಿನ ದೊಡ್ಡಹುಣಸೆ ಮರ! ಒಂದಲ್ಲ, ಕಣ್ಣು ಹಾಯುವಷ್ಟು ದೂರ ಅದೇ ಮರಗಳು, ಅದೇ ಬೊಡ್ಡೆಗಳು. ಸವಣೂರಿನವರು ಲೋಕದಲ್ಲಿ ನಮ್ಮೂರಿಗೊಂದೇ ಎಂದು ಮೆರೆಯುವ ಮರಕ್ಕೆ ಇಲ್ಲಿ ಆಡು ಕಟ್ಟುತ್ತಿದ್ದರು. ಬೊಡ್ಡೆಗೆ ಆತು ಕೂತು ಮೊದಲು ನಕ್ಕೆ, ಆಮೇಲೆ ಚೆನ್ನಾಗಿ ಅತ್ತೆ. ಇದನ್ನು ಹೇಳಬೇಕಾದವಳು ಒಬ್ಬಳೇ ಇದ್ದಳು.

ಅಷ್ಟರಲ್ಲಿ ಸವಣೂರಿನವಳ ಲಗ್ನಪತ್ರಿಕೆ ಬಂತು. ಮದುವೆ ಮುಗಿದು ಎಷ್ಟೋ ದಿನಗಳಾದ ಮೇಲೆ ಕೈಗೆ ಸಿಕ್ಕಿತು. ಗಂಡನ ಮನೆ ಹಿರೇಕೆರೂರು, ಹುಡುಗ ಮಾಸೂರಿನ ಶಾಲೆಯಲ್ಲಿ ಮಾಸ್ತರ. ಕೂಡಲೇ ಮರದ ಸುದ್ದಿ ಬರೆದು, ಒಂದು ಒಣ ಎಲೆಯನ್ನೂ ಒಳಗಿಟ್ಟು ಹಿರೇಕೆರೂರಿಗೆ ಹಾಕಿದೆ. ವಿಳಾಸದಲ್ಲಿ ಗಂಡನ ಮನೆಯ ಅಡ್ಡಹೆಸರು ಸೇರಿಸಿದೆ, ಅವಳ ಹೆಸರನ್ನು ಮಾತ್ರ ಇದ್ದಂತೆಯೇ ಬರೆದೆ. ತಾಟು ಒದ್ದು ಬರುತ್ತೇನೆ ಎಂದವಳಲ್ಲವೇ ಅವಳು? ಬೇರೆ ಹೆಸರಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಆ ಹೆಸರಿನವರು ಇಲ್ಲ ಎಂಬ ಷರಾ ಹೊತ್ತು ಕಾಗದ ತಿರುಗಿ ಬಂತು. ಟಪಾಲಿನವರ ಗಡಿಬಿಡಿ ಇರಬೇಕೆಂದು ಮತ್ತೆ ಬರೆದೆ. ಅದೂ ಬಂತು. ಬೆಂಡಿಗೇರಿಯವಳನ್ನು ಕೇಳಿದೆ. ಅವಳು ಆಗ ಟ್ರೇನಿಂಗ್ ಕಾಲೇಜಿನಲ್ಲಿದ್ದುದರಿಂದ ಮದುವೆಗೆ ಹೋಗಿರಲಿಲ್ಲ. “ನನಗೂ ಒಂದು ಅಕ್ಷರ ಬರದಿಲ್ಲ. ದೊಡ್ಡ ಮನಿ ಸೊಸಿ ಆಗ್ಯಾಳ, ನಾವ್ಯಾಕ ಬೇಕು” ಎಂದು ಉತ್ತರ ಬಂತು. ಆ ಮಾತು ನನಗೆ ನಾಟಿತು. ಬೇಕೆಂತಲೇ ತಿರುಗಿ ಕಳಿಸುತ್ತಿದ್ದಾಳೆ ಎಂದು ನಿಶ್ಚಯಿಸಿಕೊಂಡೆ. ನನ್ನನ್ನು ಪರದೇಶಕ್ಕೆ ಅಟ್ಟಿ, ತಾನು ಸುಖವಾಗಿ ಸಂಸಾರ ಹೂಡಿ, ಗುರುತೇ ಇಲ್ಲವೆಂದು ಹೇಳಿಸುತ್ತಾಳೆ! ಎರಡು ವರ್ಷ ಮುಗಿದಾಗ ಇನ್ನೆರಡು ವರ್ಷ ಇರುತ್ತೇನೆಂದು ಬರೆದುಕೊಟ್ಟೆ. ನನ್ನ ತ್ಯಾಗ ಮೆಚ್ಚಿ ಸಾಹೇಬರು ಕೈ ಕುಲುಕಿದರು. ತ್ಯಾಗವೂ ಇಲ್ಲ ಮಣ್ಣೂ ಇಲ್ಲ. ನಾನು ಒಬ್ಬಳ ಮೇಲೆ ಮುನಿಸಿಕೊಂಡು ಅಲ್ಲಿ ಕೂತಿದ್ದೆ. ಆ ಮರಗಳ ಕಡೆ ಹೋಗುವುದನ್ನೂ ಬಿಟ್ಟೆ.

ಎಂಬತ್ತರ ದಶಕದ ಮೊದಲಲ್ಲಿ ಹಾನಗಲ್ಲಿಗೆ ತಿರುಗಿ ಬಂದೆ. ಅಜ್ಜಿ ಪಂಚಗವ್ಯ ಕುಡಿಸಿ ಒಳಗೆ ಬಿಟ್ಟುಕೊಂಡಳು. ಊರಿನವರು ಶಾಲು ಹೊದಿಸಿ, ಅಲ್ಲಿ ಏನು ತಿನ್ನುತ್ತಿದ್ದಿರಿ ಎಂದಷ್ಟೇ ಕೇಳಿದರು. ಶಿಗ್ಗಾವಿಯಲ್ಲಿ ಟೀಚರಾಗಿದ್ದ ಬೆಂಡಿಗೇರಿಯವಳು ನೋಡಲು ಬಂದಳು. ನಾನು ನಾಲ್ಕು ವರ್ಷದ ಸಿಟ್ಟನ್ನೆಲ್ಲ ಅವಳ ಮುಂದೆ ಕಾರಿದೆ.

“ನನ್ನ ಮುಂದ ಯಾಕ ಒದರ್ತಿ? ಬಸ್ ಹತ್ತಿ ಹೋಗಿ ಆಕಿ ಮಾರಿ ಮ್ಯಾಲ ಕೇಳಿ ಬಾ” ಎಂದಳು.

ಮರುದಿನವೇ ಹೊರಟೆ. ತಿಳವಳ್ಳಿ ದಾಟುವವರೆಗೂ ಏನು ಅನ್ನಬೇಕೆಂದು ಬಾಯಿಪಾಠ ಮಾಡುತ್ತಿದ್ದೆ. ಒಳಗೆ ಕರೆದರೆ ಹೋಗಬಾರದು, ಚಹಾ ಕುಡಿಯಬಾರದು, ಬಾಗಿಲಲ್ಲೇ ಕೇಳಿ ತಿರುಗಬೇಕು. ಇನ್ನೂ ಅವಳು ನನ್ನವಳೋ ಅಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು.

ಹಿರೇಕೆರೂರಿನ ಆ ಮನೆಯ ಕಟ್ಟೆಯ ಮೇಲೆ ಅವಳ ಮಾವ ಅಡಕೆ ಕತ್ತರಿಸುತ್ತ ಕೂತಿದ್ದರು. ನಾನು ಅವಳ ಹೆಸರು ಹೇಳಿ, ಇದ್ದಾಳೇನು ಎಂದು ಕೇಳಿದೆ.

“ಅದಾಳಲ್ಲ. ಹಿತ್ತಲದಾಗ ಮಣ್ಣಾಡಾಕತ್ತಾಳ” ಎಂದು ಮುದುಕರು ನಕ್ಕರು. “ಆದ್ರ ತಂಗಿ, ಮೂರು ವರ್ಷದ ಕೂಸಿನ ಹಂತ್ಯಾಕ ನಿಮ್ಮದೇನು ಕೆಲಸರಿ?”

ನನಗೆ ಏನೂ ಅರ್ಥವಾಗಲಿಲ್ಲ. ಸವಣೂರಿನ ಸೊಸೆಯನ್ನು ನೋಡಬೇಕು ಎಂದೆ. ಅವರು ಒಳಗೆ ಮುಖ ಮಾಡಿ ನಾನು ಎಂದೂ ಕೇಳದ ಒಂದು ಹೆಸರು ಕೂಗಿದರು. ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದವಳು ಅವಳೇ. ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಚೀರಲಿಲ್ಲ, ಕೂಗಲಿಲ್ಲ. “ಬಾ” ಎಂದಳು, ಅಷ್ಟೇ. ಅವಳಿಗೆ ಮೆಲ್ಲಗೆ ಮಾತಾಡಲು ಬಂದಿತ್ತು.

ಬಾಯಿಪಾಠವೆಲ್ಲ ಮರೆತು ಅವಳ ಹಿಂದೆ ಅಡುಗೆಮನೆಗೆ ಹೋದೆ. ಅತ್ತೆ ಪೇಟೆಗೆ ಹೋಗಿದ್ದರು. ಕಾಗದ ತಿರುಗಿ ಕಳಿಸಿದ್ದೇಕೆ ಎಂದು ಕೇಳಿದೆ.

“ನಾ ಇಲ್ಲೇ ರೊಟ್ಟಿ ಹಿಟ್ಟು ನಾದಾಕತ್ತಿದ್ನೆಲೇ. ಅಂಚಿಯಾಂವ ಬಾಗಲದಾಗ ನನ್ನ ಹೆಸರು ಓದಿದ. ಮಾವನವರು ‘ಆ ಹೆಸರಿನವರು ನಮ್ಮಲ್ಲಿಲ್ಲಪಾ’ ಅಂದ್ರು. ಸುಳ್ಳು ಹೇಳಲಿಲ್ಲ, ಖರೇನ ಅವರಿಗೆ ನೆನಪಿರಲಿಲ್ಲ. ಕೈ ತೊಳಕೊಂಡು, ಅದು ನಾನ ಅಂತ ಹೇಳೂದ್ರಾಗ ಅಂವ ಸೈಕಲ್ ಹತ್ತಿದ್ದ. ಎರಡನೇ ಸಲನೂ ಹಂಗ ಆತು.”

“ಆಮ್ಯಾಲೆ ನೀನರ ಬರೀಬೇಕಿತ್ತಲ್ಲ?”

“ಬರದು ಕೆಳಗ ಯಾವ ಹೆಸರು ಹಾಕ್ಲಿ?” ಎಂದು ಅವಳು ನನ್ನನ್ನೇ ಕೇಳಿದಳು. “ಹೊಸಾದು ಹಾಕಿದ್ರ ನೀವಿಬ್ರೂ ನಗ್ತಿದ್ರಿ. ಹಳೇದು ಹಾಕಾಕ ನನಗ ಮಾರಿ ಇದ್ದಿಲ್ಲ. ತಾಟ ಮುಂದ ಇಟ್ಟಾಗ ಕಾಲು ಸೈತ ಅಲುಗಲಿಲ್ಲಲೇ ನಂದು.”

ಹಿತ್ತಲಿನಿಂದ ಮಗು ಬಂದು, ಮಣ್ಣಿನ ಕೈಯಿಂದ ಅವಳ ಸೀರೆ ಹಿಡಿದು ನಿಂತಿತು. ಇದಕ್ಕೆ ನಿನ್ನ ಹೆಸರು ಹೇಗೆ ಬಂತು ಎಂದು ಕೇಳಿದೆ.

“ತೊಟ್ಟಿಲಕ್ಕ ಹಾಕೂ ಮುಂದ ಅತ್ತಿಯವರು, ನಿನ್ನ ಮನಸಿನ್ಯಾಗ ಯಾವುದರ ಹೆಸರು ಐತೇನು ಅಂತ ಕೇಳಿದ್ರು. ಹೇಳಿದೆ. ಬೈತಾರೇನೋ ಅಂತ ಅಂಜಿದ್ದೆ.” ಅವಳು ಮಗುವಿನ ಕೈ ಒರೆಸುತ್ತಿದ್ದಳು. “‘ಭಾಳ ಚಂದ ಐತಿ, ಎಲ್ಲಿ ಕೇಳಿದಿ?’ ಅಂದ್ರು.”

ನಾಲ್ಕು ವರ್ಷ ಸಾಕಿದ ಸಿಟ್ಟನ್ನು ಇಳಿಸಲು ಆ ಮನೆಯಲ್ಲಿ ಒಂದು ಮೂಲೆಯೂ ಸಿಗಲಿಲ್ಲ. ಮಾವ ಒಳ್ಳೆಯವರು, ಅತ್ತೆ ಸೊಸೆಯನ್ನು ಕೇಳಿ ಹೆಸರಿಟ್ಟವರು, ಗಂಡ ಎಂದೂ ಕೈಯೆತ್ತಿದವನಲ್ಲ. ಯಾರೂ ಕೆಟ್ಟವರಲ್ಲದ ಮನೆಯಲ್ಲಿ ನನ್ನ ಗೆಳತಿ ಇಲ್ಲವಾಗಿದ್ದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಚಹಾ ಕುಡಿದೆ, ಕುಂಕುಮ ಹಚ್ಚಿಸಿಕೊಂಡೆ. ತಾಂಜಾನಿಯಾದ ಮರಗಳ ಸುದ್ದಿ ಹೇಳಿದಾಗ ಅವಳು, “ಹೌದಾ?” ಎಂದು ಒಲೆಯ ಕಡೆ ನೋಡಿದಳು. ಹಾಲು ಉಕ್ಕುತ್ತಿತ್ತು.

ಹೊರಟು ಓಣಿಯ ತುದಿಗೆ ಬಂದವಳಿಗೆ ಹಾಗೇ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ತಿರುಗಿ ನೋಡಿದೆ. ಅವಳು ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸಲು ಕೂತಿದ್ದಳು, ಮಗು ಪಕ್ಕದಲ್ಲಿತ್ತು. ಒಂದು ಕಾಲಕ್ಕೆ ಅವಳು ನನ್ನನ್ನು ಕರೆಯುತ್ತಿದ್ದ ಹಾಗೆಯೇ, ಗಂಟಲು ಹರಿಯುವಂತೆ, ಎಳೆದೆಳೆದು, ಅವಳ ಹೆಸರನ್ನು ಕೂಗಿದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. ಮಗುವಿನ ಬೆನ್ನು ತಟ್ಟಿ, “ನಿನ್ನ ಯಾರೋ ಕರ್ಯಾಕತ್ತಾರ ನೋಡವಾ, ಹೋಗು” ಎಂದಳು.