ಹಲ್ಲಿರುವ ಗಾಜಿನ ಬಿಲ್ಲೆಗಳು

ಕೆಡವಿದ ಕಟ್ಟಡಗಳ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ಮಾರುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಇದರಲ್ಲೇ ಇದ್ದೇನೆ. ಪೇಟೆಯಲ್ಲಿ ನನ್ನನ್ನು ಮೇಷ್ಟ್ರು ಅನ್ನುತ್ತಾರೆ. ಅದು ಗೌರವಕ್ಕೆ ಅಂತ ಬಹಳ ದಿನ ನಂಬಿದ್ದೆ. ಬರೀ ಒಂದು ಚಿಲಕ ಕೇಳಿದವರಿಗೂ ಅರ್ಧ ಗಂಟೆ ಪಾಠ ಮಾಡಿ ಕಳಿಸುತ್ತೇನಲ್ಲ, ಅದಕ್ಕೆ ಅಂತ ಹೆಂಡತಿಯೇ ಬಿಡಿಸಿ ಹೇಳಬೇಕಾಯಿತು.

ಹೋದ ವರ್ಷ ಹಳೇ ಅಂಗಡಿ ಸಾಲೊಂದನ್ನು ಕೆಡವಿದಾಗ ಕಿಟಕಿಗಳ ಜೊತೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಅಂಗೈಯಗಲದ ನಲವತ್ತು ಗಾಜಿನ ಬಿಲ್ಲೆಗಳು. ತೆಳು ನೇರಳೆ ಬಣ್ಣ. ಒಂದು ಮುಖದಲ್ಲಿ ಹೂಬಳ್ಳಿ, ಇನ್ನೊಂದರಲ್ಲಿ ಗರಗಸದಂಥ ಹಲ್ಲುಗಳು.

"ಏನ್ರೀ ಇವು?" ಅಂದಳು ಹೆಂಡತಿ.

ನನಗೆ ಗೊತ್ತಿರಲಿಲ್ಲ. ಆದರೆ ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವಂಥದ್ದಲ್ಲ. "ಸ್ನಾನದ ಮನೆ ಗೋಡೆಗೆ ಹಾಕೋ ಬಿಲ್ಲೆ. ಹಿಂದಿನ ಹಲ್ಲು ಸಿಮೆಂಟ್ ಕಚ್ಚಿ ಹಿಡಿಯೋಕೆ."

ಅವಳು ಸಂದಿಯಲ್ಲಿ ಉಗುರಾಡಿಸಿದಳು. "ಸಿಮೆಂಟಿನ ಚೂರೂ ಇಲ್ವಲ್ಲ? ಅಂಚಿಗೆ ಮಾತ್ರ ಏನೋ ಕಪ್ಪಗೆ ಮೆತ್ತಿದೆ."

"ಆಗಿನ ಕೆಲಸಗಾರರು ಅಷ್ಟು ಅಚ್ಚುಕಟ್ಟು," ಅಂದೆ.

ಮಾತು ಉಳಿಸಿಕೊಳ್ಳಲು ಆರು ಬಿಲ್ಲೆಗಳನ್ನು ನಮ್ಮ ಸ್ನಾನದ ಮನೆಗೇ ಅಂಟಿಸಿದೆ. ಮನೆಗೆ ಬಂದ ನೆಂಟರು ಕೂರುವ ಮುಂಚೆ ಅದನ್ನು ನೋಡಲೇಬೇಕಿತ್ತು.

ಒಂದು ಬೆಳಗ್ಗೆ ವಯಸ್ಸಾದ ದರ್ಜಿಯೊಬ್ಬರು ಹಳೇ ಮೇಜು ಹುಡುಕಿಕೊಂಡು ಅಂಗಡಿಗೆ ಬಂದು, ಪೆಟ್ಟಿಗೆ ಕಂಡು ನಿಂತರು. ನಾನು ಪಾಠ ಶುರು ಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಬಿಲ್ಲೆ ತೆಗೆದುಕೊಂಡು ಬಾಗಿಲಿಗೆ ಹೋಗಿ, ಹೂವಿನ ಮುಖವನ್ನು ಬೀದಿಗೆ ಮಾಡಿ ಎತ್ತಿ ಹಿಡಿದರು. ಅಂಗಡಿಯ ಹಿಂಬದಿಯ ಕತ್ತಲಲ್ಲಿ ಮೊಳೆ ವಿಂಗಡಿಸುತ್ತಿದ್ದ ನನ್ನ ಹೆಂಡತಿಯ ಕೈಮೇಲೆ ಒಂದು ತುಂಡು ಬೆಳಕು ಬಿತ್ತು.

"ಇವು ನಮ್ಮ ಅಂಗಡಿ ಬಾಗಿಲ ಮೇಲಿದ್ವು," ಅಂದರು. "ಅಂಚಿಗೆ ಸೀಸದ ಪಟ್ಟಿ ಹಾಕಿ ಜೋಡಿಸಿದ್ರು. ಮೇಲಿಂದ ಬರೋ ಬೆಳಕನ್ನ ಈ ಹಲ್ಲು ಒಳಕ್ಕೆ ತಿರುಗಿಸುತ್ತೆ. ಹದಿನೆಂಟು ವರ್ಷ ಒಳಗಿನ ಮೂಲೇಲಿ ಕೂತು ಹೊಲಿದಿದೀನಿ. ಹಗಲು ಹೊತ್ತು ದೀಪ ಹಚ್ಚಿದ್ದೇ ಇಲ್ಲ."

"ನನಗೂ ಹಾಗೇ ಅನುಮಾನ ಇತ್ತು," ಅಂದೆ.

ಹೆಂಡತಿ ನಕ್ಕ ರಭಸಕ್ಕೆ ವಿಂಗಡಿಸಿದ್ದ ಮೊಳೆಗಳೆಲ್ಲ ಮತ್ತೆ ಒಂದಾದವು.

ಉಳಿದ ಮೂವತ್ತನಾಲ್ಕನ್ನು ನನ್ನ ಅಂಗಡಿಯ ಬಾಗಿಲ ಮೇಲೇ ಕೂರಿಸಿದೆ, ಅದೂ ತಲೆಕೆಳಗಾಗಿ. ಬೆಳಕೆಲ್ಲ ಹೊಸ್ತಿಲ ಪಕ್ಕಕ್ಕೇ ಬಿತ್ತು. ಅಲ್ಲಿ ಮಲಗುವ ಬೀದಿನಾಯಿಗೆ ಅನುಕೂಲವಾಯಿತು. ದರ್ಜಿಯೇ ಬಂದು ಎದುರು ನಿಂತು ತಿರುಗಿಸಿ ಹಾಕಿಸಿದರು. ಸ್ನಾನದ ಮನೆಯವನ್ನು ಕೀಳಲು ಹೋದೆ, ಆಗಲಿಲ್ಲ. ಆ ಆರು ಮಾತ್ರ ನಾನು ಹೇಳಿದ ಹಾಗೇ ಸಿಮೆಂಟನ್ನು ಕಚ್ಚಿ ಹಿಡಿದಿವೆ.

ಈಗ ದರ್ಜಿ ವಾರಕ್ಕೆರಡು ಸಲ ಬರುತ್ತಾರೆ. ಒಳಗೆ ಬೆಳಕು ಬೀಳುವಲ್ಲಿ ಕೂತು ಹೆಂಡತಿಗೆ ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಾರೆ. ಅಳತೆ ಪಟ್ಟಿಯ ಒಂದು ತುದಿ ಹಿಡಿಯುವ ಕೆಲಸ ನನ್ನದು. ಮಾತಾಡದೆ ಹಿಡಿದರೆ ಚೆನ್ನಾಗೇ ಹಿಡಿಯುತ್ತೇನಂತೆ.